ವಿಜಯಪುರದ ಊರಗೋಡೆ: ಇಷ್ಟು ಗಟ್ಟಿ ಕೋಟೆ ಇದ್ದೂ ಊರು ಸೋತದ್ದು ಹೇಗೆ?

ಪ್ರಶ್ನೆ: ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ವಿಜಯಪುರಕ್ಕೆ ಹೋಗಿದ್ದೆವು. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿದೆವು. ಊರಲ್ಲಿ ಯಾವ ಕಡೆ ಹೋದರೂ ಕಪ್ಪು ಕಲ್ಲಿನ ಗೋಡೆಯ ತುಂಡುಗಳು, ಬುರುಜುಗಳು ಕಾಣುತ್ತಿದ್ದವು. ಇದೆಲ್ಲ ಒಂದೇ ಕೋಟೆಯಾ? ಹಾಗಿದ್ದರೆ ಒಂದೊಂದು ಕಡೆ ಒಂದೊಂದು ಥರ ಯಾಕಿದೆ? ನಮ್ಮ ಚಿತ್ರದುರ್ಗಕ್ಕಾದರೆ ಬೆಟ್ಟದ ಆಸರೆ ಇದೆ. ಇಂಥ ಬಯಲಿನಲ್ಲಿ ಬರೀ ಗೋಡೆ ಊರನ್ನು ಹೇಗೆ ಕಾಪಾಡಿತು? ಕಾಪಾಡಿದ್ದರೆ ಔರಂಗಜೇಬ ಹೇಗೆ ಗೆದ್ದ? ಇನ್ನೊಂದು ಮನೆಯ ವಿಷಯ. ನಮ್ಮ ಸೋದರಮಾವನ ಮನೆ ಶಹಾಪುರ ದರವಾಜೆಯ ಕಡೆ, ಗೋಡೆಗೆ ತುಂಬ ಹತ್ತಿರ ಇದೆ. ಮೇಲೊಂದು ಮಹಡಿ ಕಟ್ಟಬೇಕು ಅಂತಿದ್ದಾರೆ. ಅದಕ್ಕೆ ಅಡ್ಡಿ ಇದೆಯಾ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಹೌದು, ನೀವು ಕಂಡ ತುಂಡುಗಳಲ್ಲಿ ಹೆಚ್ಚಿನವು ಒಂದೇ ಗೋಡೆಯವು. ಹಳೇ ಊರನ್ನು ಸುತ್ತಿಕೊಂಡು ಸುಮಾರು 10 ಕಿಲೋಮೀಟರ್ ಸಾಗುವ ಊರಗೋಡೆ ಅದು. ಅದರಲ್ಲಿ 96 ಬುರುಜುಗಳಿವೆ. ಬಾಗಿಲುಗಳ ಪಕ್ಕದ ಬುರುಜುಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ನಿಮಗೇ ಗೊತ್ತಿಲ್ಲದೆ ನೀವು ಆ ಗೋಡೆಯನ್ನು ದಾಟಿದ್ದೀರಿ ಕೂಡ. ಗೋಳಗುಮ್ಮಟ ಇರುವುದು ಗೋಡೆಯ ಒಳಗೆ, ಪೂರ್ವದ ಕಡೆ. ಇಬ್ರಾಹಿಂ ರೋಜಾ ಇರುವುದು ಗೋಡೆಯ ಹೊರಗೆ, ಪಶ್ಚಿಮದ ಕಡೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಳೇ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಗೋಡೆ ದಾಟಿ ಹೊರಗೆ ಬಂದಿರಿ. ಪ್ರವಾಸಿಗರಲ್ಲಿ ಜಾಸ್ತಿ ಜನ ಹೀಗೆಯೇ ದಾಟಿ ಹೋಗುತ್ತಾರೆ. ನನಗೆ ಕೇಳಿದರೆ ಆ ಊರಲ್ಲಿ ಗೋಳಗುಮ್ಮಟದಷ್ಟೇ ದೊಡ್ಡ ಕೆಲಸ ಈ ಗೋಡೆ. ಗುಮ್ಮಟವನ್ನು ಕಟ್ಟಲು ಊರು ಉಳಿದದ್ದೇ ಈ ಗೋಡೆಯಿಂದ ಅಲ್ವಾ?

ಇನ್ನು ಕೆಲವು ತುಂಡುಗಳು ಬೇರೆ ಗೋಡೆಯವು. ಊರ ನಡುವೆ ಇನ್ನೊಂದು ಸಣ್ಣ ಕೋಟೆ ಇದೆ. ಅದಕ್ಕೆ ಅರ್ಕಿಲ್ಲಾ ಅನ್ನುತ್ತಾರೆ. ಸುತ್ತಳತೆ ಸುಮಾರು ಒಂದು ಮೈಲಿ ಅಷ್ಟೇ. ಸುಲ್ತಾನರ ಅರಮನೆ, ಗಗನ್ ಮಹಲ್, ದರ್ಬಾರು ಎಲ್ಲ ಇದ್ದದ್ದು ಅದರೊಳಗೆ. ಅರ್ಕಿಲ್ಲಾ ಊರಗೋಡೆಗಿಂತ ಹಳೆಯದು. ಅದರ ದಕ್ಷಿಣದ ಬಾಗಿಲಿನ ಹತ್ತಿರ ನಿಂತು ಕಂಬಗಳನ್ನು ನೋಡಿ. ಅವು ಚಾಲುಕ್ಯರ ಕಾಲದ ಗುಡಿಗಳಿಂದ ತಂದ ಕಂಬಗಳು. ಕೆಲವು ಕಂಬಗಳ ಮೇಲೆ ಕನ್ನಡ ಶಾಸನಗಳಿವೆ. ಇಲ್ಲಿಂದ ಆಳಿದ ಆದಿಲ್‌ಶಾಹಿ ಸುಲ್ತಾನರು ಬರುವ ಎಷ್ಟೋ ಮೊದಲು, ಕಲ್ಯಾಣದ ಚಾಲುಕ್ಯರ ಕಾಲಕ್ಕೇ ಇದು ವಿಜಯಪುರ ಎಂಬ ದೊಡ್ಡ ಊರಾಗಿತ್ತು ಅನ್ನುವುದಕ್ಕೆ ಆ ಬಾಗಿಲೇ ಸಾಕ್ಷಿ. ಇವತ್ತು ಅರ್ಕಿಲ್ಲಾದ ಕಂದಕದ ಬಹುಪಾಲು ಮುಚ್ಚಿ ಹೋಗಿದೆ. ಹಾಗಾಗಿ ಅದೊಂದು ಕೋಟೆ ಎಂದು ಗುರುತು ಹಿಡಿಯುವುದೇ ಕಷ್ಟ.

ಈಗ ನಿಮ್ಮ ಎರಡನೇ ಪ್ರಶ್ನೆ: ಒಂದೊಂದು ಕಡೆ ಒಂದೊಂದು ಥರ ಯಾಕೆ?

ಊರಗೋಡೆ ಕಟ್ಟಿಸಿದ್ದು ಒಂದನೇ ಅಲಿ ಆದಿಲ್ ಶಾಹ. 1558ರಿಂದ 1580ರವರೆಗೆ ಆಳಿದವನು. ನಾವು ತಾಳಿಕೋಟೆ ಯುದ್ಧ, ರಕ್ಕಸಗಿ-ತಂಗಡಗಿ ಯುದ್ಧ ಎಂದೆಲ್ಲ ಕರೆಯುವ 1565ರ ಯುದ್ಧದ ಆಸುಪಾಸಿನಲ್ಲೇ ಗೋಡೆಯ ಮುಖ್ಯ ಕೆಲಸ ನಡೆಯಿತು. ಕೆಲಸವನ್ನು ಅವನು ಸರದಾರರಿಗೆ ಹಂಚಿಕೊಟ್ಟ, ಒಬ್ಬೊಬ್ಬರು ಒಂದೊಂದು ಭಾಗ ಕಟ್ಟಿಸಿದರು ಎಂದು ಹೇಳಿಕೊಂಡು ಬಂದಿದ್ದಾರೆ. ಗೋಡೆಯನ್ನು ನೋಡಿದರೆ ಈ ಮಾತು ನಂಬುವಂಥದ್ದೇ ಅನಿಸುತ್ತದೆ. ಒಂದು ಕಡೆ ಕಲ್ಲುಗಳನ್ನು ಚೌಕವಾಗಿ ಕೆತ್ತಿ ಸಂದಿಲ್ಲದಂತೆ ಕೂರಿಸಿದ್ದಾರೆ. ಇನ್ನೊಂದು ಕಡೆ ಸಿಕ್ಕಿದ ಕಲ್ಲನ್ನು ಗಾರೆಯಲ್ಲಿ ಜೋಡಿಸಿ ಕೆಲಸ ಮುಗಿಸಿದ್ದಾರೆ. ಒಂದು ಬುರುಜು ದುಂಡಗಿದ್ದರೆ ಇನ್ನೊಂದಕ್ಕೆ ಮೂಲೆಗಳಿವೆ. ಗೋಡೆಯ ತಲೆಯ ಮೇಲೆ ಹಲ್ಲುಗಳಂತೆ ನಿಂತ ತೆನೆಗಳ ಆಕಾರವೂ ಬೇರೆ ಬೇರೆ. ಹಲವು ಬುರುಜುಗಳಲ್ಲಿ ಪಾರಸಿ ಬರಹದ ಕಲ್ಲುಗಳಿವೆ. ಆ ಬುರುಜನ್ನು ಯಾರು, ಯಾವಾಗ ಕಟ್ಟಿಸಿದರು ಎಂದು ಅವೇ ಹೇಳುತ್ತವೆ.

ಆದರೆ ಸರದಾರರ ಹಂಚಿಕೆಯೊಂದೇ ಕಾರಣ ಎಂದು ಹೇಳಿ ಮುಗಿಸಿದರೆ ಅರ್ಧ ಉತ್ತರ ಕೊಟ್ಟಂತೆ. ಇನ್ನೊಂದು ಕಾರಣ ತೋಪು. ಗೋಡೆ ಕಟ್ಟಿದ ಮೇಲೂ ನೂರು ವರ್ಷ ತೋಪುಗಳು ಬದಲಾಗುತ್ತಲೇ ಹೋದವು. ಹೊಸ ತೋಪು ಬಂದಾಗೆಲ್ಲ ಬುರುಜುಗಳನ್ನು ಒಡೆದು, ಎತ್ತರಿಸಿ, ಅಗಲ ಮಾಡಿ ತಿದ್ದುತ್ತಾ ಬಂದರು. ನೀವು ನೋಡಿದ್ದು ಒಂದು ದಿನ ಕಟ್ಟಿ ಕೈತೊಳೆದುಕೊಂಡ ಗೋಡೆಯಲ್ಲ. ಮೂರು ನಾಲ್ಕು ತಲೆಮಾರು ಕೈಯಾಡಿಸಿದ ಗೋಡೆ.

ಇದು ಸರಿಯಾಗಿ ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ, ರಾಯಚೂರಿಗೆ ಹೋಗಬೇಕು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಆಗ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಆ ಮುತ್ತಿಗೆಯ ಕಥೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ರಾಯನ ಸೈನಿಕರು ಹಾರೆ ಗುದ್ದಲಿ ಹಿಡಿದು ಗೋಡೆಯ ಬುಡಕ್ಕೇ ಹೋಗಿ ಕಲ್ಲು ಕೀಳುತ್ತಿದ್ದರಂತೆ. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಅವರಿಗೆ ದುಡ್ಡು ಕೊಡುತ್ತಿದ್ದರಂತೆ. ಕೋಟೆಯಲ್ಲಿ ತೋಪುಗಳು ಬೇಕಾದಷ್ಟು ಇದ್ದವು. ಆದರೆ ಅವು ಎತ್ತರದಲ್ಲಿದ್ದವು. ದೂರದವರಿಗೆ ಹೊಡೆಯಬಹುದಿತ್ತೇ ಹೊರತು ಬುಡದಲ್ಲಿ ನಿಂತವರಿಗೆ ಏನೂ ಮಾಡಲಾಗುತ್ತಿರಲಿಲ್ಲ. ಅವರನ್ನು ಹೊಡೆಯಬೇಕೆಂದರೆ ಕಾವಲಿನವರು ಗೋಡೆಯಿಂದ ಹೊರಗೆ ಬಗ್ಗಬೇಕು. ಹಾಗೆ ಬಗ್ಗಿದವರನ್ನು ಕೃಷ್ಣದೇವರಾಯನ ಕಡೆ ಇದ್ದ ಪೋರ್ಚುಗೀಸ್ ಕೋವಿಯವರು ಗುರಿಯಿಟ್ಟು ಕೆಡವಿದರು. ಕೋಟೆ ಬಿತ್ತು.

ಇದು ಆದಿಲ್‌ಶಾಹಿಗಳಿಗೆ ಸ್ವಂತ ಮನೆಯಲ್ಲೇ ಬಿದ್ದ ಪೆಟ್ಟು. 45 ವರ್ಷ ಕಳೆದು ಅದೇ ವಂಶದವರು ತಮ್ಮ ರಾಜಧಾನಿಗೆ ಗೋಡೆ ಕಟ್ಟುವಾಗ ರಾಯಚೂರನ್ನು ಮರೆತಿರಲಿಲ್ಲ ಎಂದು ನನ್ನ ಅಭಿಪ್ರಾಯ. ಯಾಕೆಂದರೆ ರಾಯಚೂರಿನಲ್ಲಿ ಏನೇನು ಕೈಕೊಟ್ಟಿತೋ ಅದಕ್ಕೆಲ್ಲ ವಿಜಯಪುರದಲ್ಲಿ ಉತ್ತರ ಇದೆ.

ಮೊದಲನೆಯದು ಬುಡಕ್ಕೆ ಬರಲು ಬಿಡದಿರುವುದು. ಗೋಡೆಯ ಹೊರಗೆ 40ರಿಂದ 50 ಅಡಿ ಅಗಲದ ಕಂದಕ ತೋಡಿದ್ದಾರೆ. ಎರಡನೆಯದು ಬಂದವರನ್ನು ಪಕ್ಕದಿಂದ ಹೊಡೆಯುವುದು. ಬುರುಜುಗಳು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿವೆ. ಎರಡು ಬುರುಜುಗಳ ನಡುವಿನ ಗೋಡೆಯ ಬುಡದಲ್ಲಿ ಯಾರೇ ನಿಂತರೂ ಎಡಬಲದ ಎರಡೂ ಬುರುಜುಗಳಿಂದ ಅವರು ಕಾಣುತ್ತಾರೆ. ಕಾವಲಿನವರು ತಲೆ ಹೊರಗೆ ಹಾಕುವ ಅಗತ್ಯವಿಲ್ಲ. ತೆನೆಗಳಲ್ಲಿ ಕಿಂಡಿಗಳಿವೆ. ಕೆಲವು ಕಡೆ ಕಲ್ಲಿನ ಗೂಡಿನಂತೆ ಹೊರಕ್ಕೆ ಚಾಚಿದ ಮರೆಗಳಿವೆ. ಅವುಗಳ ತಳ ತೆರೆದಿರುತ್ತದೆ. ಅಲ್ಲಿ ಕೂತು ನೆಟ್ಟಗೆ ಕೆಳಕ್ಕೆ ಹೊಡೆಯಬಹುದು.

ಮೂರನೆಯದು ಗೋಡೆಯ ಹೊಟ್ಟೆ. ಒಡೆದು ಹೋದ ಜಾಗದಲ್ಲಿ ನಿಂತು ನೋಡಿದರೆ ಗೋಡೆಯ ಒಳಗು ಕಾಣುತ್ತದೆ. ಹೊರಗೊಂದು, ಒಳಗೊಂದು ಕಲ್ಲಿನ ಮುಖ. ನಡುವೆ ಮಣ್ಣು, ಜಲ್ಲಿ ತುಂಬಿ ಗಟ್ಟಿಯಾಗಿ ಬಡಿದಿದ್ದಾರೆ. ಎಲ್ಲ ಸೇರಿ ಸುಮಾರು 20 ಅಡಿ ದಪ್ಪ. ಎತ್ತರ ಜಾಗಕ್ಕೆ ತಕ್ಕಂತೆ 30ರಿಂದ 50 ಅಡಿ. ನಡುವೆ ಮಣ್ಣು ತುಂಬಿದ್ದು ದುಡ್ಡು ಉಳಿಸಲಿಕ್ಕಿರಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಖರ್ಚು ಉಳಿದದ್ದು ನಿಜ. ಆದರೆ ಮುಖ್ಯ ಲಾಭ ಬೇರೆ. ಬರೀ ಕಲ್ಲಿನ ಗೋಡೆಗೆ ಗುಂಡು ಬಡಿದರೆ ಪೆಟ್ಟು ಒಳಗೆಲ್ಲ ಹರಡಿ ಬಿರುಕು ಬಿಡುತ್ತದೆ. ಮಣ್ಣಿನ ಹೊಟ್ಟೆ ಇದ್ದರೆ ಆ ಪೆಟ್ಟನ್ನು ಮಣ್ಣು ನುಂಗುತ್ತದೆ. ಮುಂದಿನ ಒಂದಷ್ಟು ಕಲ್ಲು ಉದುರಬಹುದು, ಗೋಡೆ ನಿಂತಿರುತ್ತದೆ. ಮೇಲೆ ಅಗಲವಾದ ದಾರಿಯೂ ಸಿಗುತ್ತದೆ. ಸೈನಿಕರು, ಮದ್ದುಗುಂಡು ಎಲ್ಲವನ್ನೂ ಒಂದು ಬುರುಜಿನಿಂದ ಇನ್ನೊಂದಕ್ಕೆ ಗೋಡೆಯ ಮೇಲೇ ಸಾಗಿಸಬಹುದು.

ಇನ್ನು ತೋಪುಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಪಶ್ಚಿಮದ ಗೋಡೆಯಲ್ಲಿ ಶೇರ್ಜಾ ಬುರ್ಜ್ ಇದೆ. ಅದರ ಮೇಲಿರುವುದೇ ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಕಂಚಿನ ತೋಪು. ಎರಕ ಹೊಯ್ದವನು ರೂಮಿ ಎಂದೇ ಹೆಸರಾದ, ತುರ್ಕಿ ಕಡೆಯಿಂದ ಬಂದ ಕುಶಲಕರ್ಮಿ. ಉದ್ದ 14 ಅಡಿ ದಾಟುತ್ತದೆ. ಬಾಯಿಯ ಒಳಗಿನ ಅಗಲವೇ ಎರಡು ಅಡಿಗಿಂತ ಜಾಸ್ತಿ. ತೂಕ ಸುಮಾರು 55 ಟನ್. ಮೂತಿಯನ್ನು ಬಾಯಿ ತೆರೆದ ಸಿಂಹದಂತೆ ಮಾಡಿದ್ದಾರೆ, ಅದರ ದವಡೆಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಎಷ್ಟೋ ವರ್ಷ ಇದು ಪರಾಂಡಾ ಕೋಟೆಯಲ್ಲಿತ್ತು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1632ರಲ್ಲಿ, ಮುರಾರಿ ಪಂಡಿತ ಎಂಬ ಅಧಿಕಾರಿ ಇದನ್ನು ಅಲ್ಲಿಂದ ವಿಜಯಪುರಕ್ಕೆ ತಂದ. 55 ಟನ್ ತೂಕದ ಲೋಹವನ್ನು ಆ ಕಾಲದ ರಸ್ತೆಯಲ್ಲಿ, ಭೀಮಾ ನದಿ ದಾಟಿಸಿ ತಂದರು ಅನ್ನುವುದನ್ನು ಯೋಚಿಸಿದರೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಪಕ್ಕದಲ್ಲಿ ನೀರಿನ ತೊಟ್ಟಿ ಇದೆ. ತೋಪು ಹಾರಿಸಿದವನು ಆ ಸದ್ದಿಗೆ ಕಿವುಡಾಗದಂತೆ ಅದರಲ್ಲಿ ಮುಳುಗುತ್ತಿದ್ದ ಎಂದು ಗೈಡ್‌ಗಳು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ತೋಪಿನ ಹತ್ತಿರ ನೀರು ಇರಲೇಬೇಕಾದ ಕಾರಣ ಇನ್ನೂ ಸರಳ. ಒಂದು ಸಲ ಹಾರಿಸಿದ ಮೇಲೆ ನಳಿಗೆಯ ಒಳಗೆ ಕೆಂಡ ಉಳಿದಿರುತ್ತದೆ. ಒದ್ದೆ ಬಟ್ಟೆ ಹಾಕಿ ಒರೆಸದೆ ಮತ್ತೆ ಮದ್ದು ತುಂಬಿದರೆ ತುಂಬುವವನೇ ಸುಟ್ಟುಹೋಗುತ್ತಾನೆ.

ಶೇರ್ಜಾ ಬುರ್ಜ್‌ನಿಂದ ಒಳಗಡೆಗೆ ಸ್ವಲ್ಪ ದೂರದಲ್ಲಿ ಉಪಲಿ ಬುರ್ಜ್ ನಿಂತಿದೆ. ಹೈದರ್ ಖಾನ್ ಎಂಬ ಸರದಾರ 1583ರ ಸುಮಾರಿಗೆ ಕಟ್ಟಿಸಿದ್ದು. ಎತ್ತರ ಸುಮಾರು 80 ಅಡಿ. ಹೊರಮೈಗೆ ಸುತ್ತಿಕೊಂಡು ಮೆಟ್ಟಿಲುಗಳು ಮೇಲೇರುತ್ತವೆ. ಗೋಡೆ ಕಟ್ಟುವಾಗ ಹೈದರ್ ಖಾನ್ ದಂಡಯಾತ್ರೆಯಲ್ಲಿದ್ದ, ತಿರುಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು, ತನ್ನ ಪಾಲು ಸಲ್ಲಲಿಲ್ಲವಲ್ಲ ಎಂದು ಒಳಗೇ ಒಂದು ಬುರುಜು ಕಟ್ಟಿಸಿದ ಎಂಬ ಕಥೆ ಇದೆ. ಕಥೆಯನ್ನು ಬದಿಗಿಟ್ಟು ಜಾಗವನ್ನು ನೋಡಿ. ಊರಿನ ಪಶ್ಚಿಮ ಭಾಗದಲ್ಲಿ ಅದು ಎತ್ತರದ ನೆಲ. ಅಲ್ಲಿಂದ ಗೋಡೆಯ ತಲೆಯ ಮೇಲಿನಿಂದಲೇ ಹೊರಗಿನ ಬಯಲೆಲ್ಲ ಕಾಣುತ್ತದೆ. ಯೋಚಿಸಿ ಆರಿಸಿದ ಜಾಗ ಅದು. ಮೇಲೆ ಎರಡು ಉದ್ದನೆಯ ಕಬ್ಬಿಣದ ತೋಪುಗಳಿವೆ. ದೊಡ್ಡದು 30 ಅಡಿಗಿಂತ ಉದ್ದ ಇದೆ. ಇವು ಎರಕದವಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕಾಸಿದ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ, ಬಡಿದು ಕೂಡಿಸಿದ್ದು. ಬಳೆ ಆರುತ್ತಾ ಬಂದಂತೆ ಕುಗ್ಗಿ ಪಟ್ಟಿಗಳನ್ನು ಬಿಗಿಯಾಗಿ ಹಿಡಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಎತ್ತಿನಗಾಡಿಯ ಚಕ್ರಕ್ಕೆ ಕಮ್ಮಾರರು ಹಳಿ ತೊಡಿಸುತ್ತಿದ್ದದ್ದೂ ಇದೇ ರೀತಿಯಲ್ಲಿ.

ಈ ಬುರುಜುಗಳ ಮೇಲೆ ಹತ್ತಿದಾಗ ತೋಪನ್ನಷ್ಟೇ ನೋಡಿ ಫೋಟೋ ತೆಗೆದುಕೊಂಡು ಇಳಿಯಬೇಡಿ. ನೆಲವನ್ನೂ ನೋಡಿ. ಬುರುಜಿನ ತಲೆ ದುಂಡಗಿರುತ್ತದೆ. ನಡುವೆ ತೋಪು ಕೂರಿಸಿ ತಿರುಗಿಸಲು ಗೂಟದ ಜಾಗ ಇರುತ್ತದೆ. ತೋಪು ಒದ್ದು ಹಿಂದಕ್ಕೆ ಸರಿಯದಂತೆ ತಡೆಯಲು ಹಿಂದೆ ಕಲ್ಲಿನ ಕಟ್ಟೆ ಇರುತ್ತದೆ. ಅಂದರೆ ತೋಪು ಒಂದೇ ದಿಕ್ಕಿಗೆ ಬಾಯಿ ಮಾಡಿಕೊಂಡು ಬಿದ್ದಿರಲಿಲ್ಲ. ಶತ್ರು ಬಂದ ಕಡೆಗೆ ತಿರುಗುತ್ತಿತ್ತು. ರಾಯಚೂರಿನ ಕೊರತೆಗೆ ಇದು ನೇರ ಉತ್ತರ.

ದಕ್ಷಿಣದ ಗೋಡೆಯಲ್ಲಿ ಲಂಡಾ ಕಸಾಬ್ ಬುರ್ಜ್ ಇದೆ. ಅಲ್ಲಿಗೆ ಪ್ರವಾಸಿಗರು ಹೋಗುವುದು ಕಡಿಮೆ. ಅದರ ಮೇಲಿನ ಕಬ್ಬಿಣದ ತೋಪು 21 ಅಡಿಗಿಂತ ಉದ್ದ, ತೂಕ ಸುಮಾರು 47 ಟನ್. ಆದರೆ ನಾನು ಅಲ್ಲಿಗೆ ಹೋಗಿ ಎಂದು ಒತ್ತಿ ಹೇಳುವುದು ತೋಪಿಗಾಗಿ ಅಲ್ಲ, ಗೋಡೆಯ ಮುಖಕ್ಕಾಗಿ. ಔರಂಗಜೇಬನ ಸೈನ್ಯ ಹೊಡೆದ ಗುಂಡಿನ ಗುರುತುಗಳು ಅಲ್ಲಿನ ಕಲ್ಲುಗಳ ಮೇಲೆ ಉಳಿದಿವೆ.

ಬಾಗಿಲುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮುಖ್ಯ ಬಾಗಿಲುಗಳು ಐದು: ಪಶ್ಚಿಮಕ್ಕೆ ಮಕ್ಕಾ, ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲ್ಲಾಪುರ, ದಕ್ಷಿಣಕ್ಕೆ ಫತೇ. ಫತೇ ದರವಾಜೆಗೆ ಮೊದಲು ಮಂಗೋಳಿ ಎಂಬ ಹೆಸರಿತ್ತು. 1686ರಲ್ಲಿ ಔರಂಗಜೇಬ ಅದರ ಮೂಲಕ ಒಳಗೆ ಬಂದ ಮೇಲೆ ಗೆಲುವಿನ ಬಾಗಿಲಾಯಿತು. ಎಲ್ಲ ಬಾಗಿಲಿಗೂ ಎರಡು ಕಡೆ ದುಂಡನೆಯ ಬುರುಜುಗಳಿವೆ. ದಾರಿ ನೆಟ್ಟಗಿರದೆ ತಿರುವು ಹೊಡೆಯುತ್ತದೆ. ಆನೆ ಓಡಿ ಬಂದು ಹಾಯಲು ಜಾಗ ಸಿಗಬಾರದು, ಅದಕ್ಕೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬಯಲಿನಲ್ಲಿ ಬರೀ ಗೋಡೆ ಊರನ್ನು ಕಾಯ್ದಿತೇ? ಕಾಯ್ದಿತು, ಒಂದಲ್ಲ ಹಲವು ಸಲ. ಆದರೆ ಗೋಡೆಯೊಂದೇ ಅಲ್ಲ. ಬೆಟ್ಟ ಇಲ್ಲ ಎಂದಿರಿ. ಬೆಟ್ಟದ ಬದಲು ಆ ಊರಿಗೆ ಒಣ ಬಯಲಿತ್ತು.

ವಿಜಯಪುರದ ಸುತ್ತ ದೊಡ್ಡ ನದಿ ಇಲ್ಲ. ಊರಿನವರು ನೀರಿಗೆ ತುಂಬ ಚೆನ್ನಾಗಿ ವ್ಯವಸ್ಥೆ ಮಾಡಿಕೊಂಡಿದ್ದರು. ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಬರುತ್ತಿತ್ತು. ದಕ್ಷಿಣಕ್ಕೆ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್ ಇತ್ತು. ಆದರೆ ಇವೆರಡೂ ಗೋಡೆಯ ಹೊರಗಿನ ಮೂಲಗಳು. ಮುತ್ತಿಗೆಯಲ್ಲಿ ಶತ್ರು ಮೊದಲು ಮುಟ್ಟುವುದೇ ಅವನ್ನು. ಅದಕ್ಕೇ ಗೋಡೆಯ ಒಳಗೆ ದೊಡ್ಡ ದೊಡ್ಡ ಬಾವಡಿಗಳು, ಅಂದರೆ ಮೆಟ್ಟಿಲಿರುವ ಬಾವಿಗಳು ಇದ್ದವು. ಶಹಾಪುರ ದರವಾಜೆಯ ಹತ್ತಿರದ ಚಾಂದ್ ಬಾವಡಿ 1579ರದು, ಅಲಿ ಆದಿಲ್ ಶಾಹ ತನ್ನ ಹೆಂಡತಿ ಚಾಂದ್ ಬೀಬಿಯ ಹೆಸರಲ್ಲಿ ಕಟ್ಟಿಸಿದ್ದು. ಮಕ್ಕಾ ದರವಾಜೆಯ ಹತ್ತಿರದ ತಾಜ್ ಬಾವಡಿ 1620ರದು. ಇವನ್ನು ಕೋಟೆಯ ಭಾಗ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ನಾನು ಹಾಕುತ್ತೇನೆ. ಬಾವಡಿ ಇಲ್ಲದಿದ್ದರೆ 96 ಬುರುಜು ಇದ್ದೂ ಆ ಊರು ಹೆಚ್ಚು ದಿನ ತಾಳುತ್ತಿರಲಿಲ್ಲ.

ಗೋಡೆ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೂ ಪಕ್ಕದಲ್ಲೇ ಉದಾಹರಣೆ ಇದೆ. ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ತೊರವಿಯ ಹತ್ತಿರ ನೌರಸಪುರ ಎಂಬ ಹೊಸ ಊರು ಕಟ್ಟಲು ಶುರುಮಾಡಿದ. ಸಂಗೀತ, ಸಾಹಿತ್ಯದ ಹುಚ್ಚಿದ್ದ ಸುಲ್ತಾನ ಅವನು. ಅದಕ್ಕೂ ಊರಗೋಡೆ ಎದ್ದಿತು, ಆದರೆ ಪೂರ್ತಿಯಾಗಲಿಲ್ಲ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ನೌರಸಪುರವನ್ನು ಹಾಳುಮಾಡಿದ. ವಿಜಯಪುರದ ಗೋಡೆಯ ಒಳಗೆ ಮಾತ್ರ ಅವನಿಂದ ಕಾಲಿಡಲು ಆಗಲಿಲ್ಲ.

1665ರ ಕೊನೆಯಲ್ಲಿ ಮೊಘಲರ ಸೇನಾಪತಿ ಮಿರ್ಜಾ ರಾಜಾ ಜೈಸಿಂಗ್ ಬಂದ. ಮೊಘಲರಿಗೂ ಶಿವಾಜಿಗೂ ಪುರಂದರದ ಒಪ್ಪಂದವಾದ ಹೊಸತು, ಆ ದಂಡಯಾತ್ರೆಯಲ್ಲಿ ಶಿವಾಜಿಯೂ ಅವನ ಜೊತೆಗಿದ್ದ. ಜೈಸಿಂಗ್ ಬೇಗ ಬೇಗ ಬಂದು ಊರನ್ನು ಹಿಡಿದುಬಿಡಬಹುದು ಎಂದು ಲೆಕ್ಕ ಹಾಕಿ, ಗೋಡೆ ಒಡೆಯುವ ದೊಡ್ಡ ತೋಪುಗಳನ್ನು ತಂದಿರಲಿಲ್ಲ. ವಿಜಯಪುರದವರು ಮಾಡಿದ್ದೇನು ಗೊತ್ತಾ? ಊರ ಸುತ್ತ ಮೈಲಿಗಟ್ಟಲೆ ನೆಲವನ್ನು ತಾವೇ ಬೋಳು ಮಾಡಿದರು. ಬಾವಿಗಳನ್ನು ಕೆಡಿಸಿದರು, ಕೆರೆಗಳನ್ನು ಬತ್ತಿಸಿದರು, ಮರ ಕಡಿದರು. ಗೋಡೆಯ ಮೇಲೆ ಕರ್ನಾಟಕದ ಕಾಲಾಳುಗಳನ್ನು ಕರೆಸಿ ನಿಲ್ಲಿಸಿದರು. ಕುದುರೆ ದಂಡನ್ನು ಹೊರಗೆ ಕಳಿಸಿ ಮೊಘಲರ ಬೆನ್ನು ಕಾಡಿದರು. ಊರು ಇನ್ನು 12 ಮೈಲಿ ಇದೆ ಅನ್ನುವಲ್ಲಿಗೆ ಬಂದು ಜೈಸಿಂಗ್ ನಿಂತ. ದನಕುದುರೆಗೆ ಮೇವಿಲ್ಲ, ಜನಕ್ಕೆ ನೀರಿಲ್ಲ. 1666ರ ಜನವರಿಯಲ್ಲಿ ತಿರುಗಿ ಹೊರಟ. ಅವನು ಗೋಡೆಯನ್ನು ಮುಟ್ಟಲೂ ಇಲ್ಲ.

1679ರಲ್ಲಿ ಮೊಘಲರ ಇನ್ನೊಬ್ಬ ಸೇನಾಪತಿ ದಿಲೇರ್ ಖಾನ್ ಬಂದ. ಅವನೂ ಬರಿಗೈಯಲ್ಲಿ ಹೋದ.

ಹಾಗಾದರೆ 1686ರಲ್ಲಿ ಏನು ಬದಲಾಯಿತು? ಗೋಡೆ ಬದಲಾಗಿರಲಿಲ್ಲ. ಗೋಡೆಯ ಹೊರಗಿನ ರಾಜ್ಯ ಬದಲಾಗಿತ್ತು. ಸುಲ್ತಾನ ಸಿಕಂದರ್ ಇನ್ನೂ ಹುಡುಗ. ಅವನು ಪಟ್ಟಕ್ಕೆ ಬಂದಾಗ ನಾಲ್ಕೈದು ವರ್ಷದ ಮಗು. ಅಂದಿನಿಂದ ಸರದಾರರು ಅಧಿಕಾರಕ್ಕಾಗಿ ಒಬ್ಬರ ಮೇಲೊಬ್ಬರು ಬಿದ್ದು ರಾಜ್ಯವನ್ನು ಹರಿದು ಹಂಚಿಕೊಂಡಿದ್ದರು. ಕಾಳು ಕಳಿಸುವ, ದಂಡು ಕಳಿಸುವ ಸೀಮೆಗಳು ಒಂದೊಂದೇ ಕೈತಪ್ಪಿದ್ದವು. ಜೈಸಿಂಗ್ ಬಂದಾಗ ಹೊರಗಿನಿಂದ ಬೆನ್ನು ಕಡಿಯಲು ಒಂದು ದಂಡಾದರೂ ಇತ್ತು. ಈಗ ಅಷ್ಟೂ ಇರಲಿಲ್ಲ.

1685ರ ವಸಂತದಲ್ಲಿ ಔರಂಗಜೇಬನ ಮಗ, ರಾಜಕುಮಾರ ಆಜಂ ಮುತ್ತಿಗೆ ಶುರುಮಾಡಿದ. ಮೊದಲ ತಿಂಗಳುಗಳಲ್ಲಿ ಹಸಿದದ್ದು ಮೊಘಲರೇ. ಹಿಂದಕ್ಕೆ ಹೋಗೋಣ ಎಂಬ ಮಾತೂ ಅವರ ಶಿಬಿರದಲ್ಲಿ ಬಂತು. ಆಜಂ ಒಪ್ಪಲಿಲ್ಲ. ಕೊನೆಗೆ ಕಾವಲು ದಂಡಿನ ಜೊತೆ ಧಾನ್ಯ ಬಂದು ತಲುಪಿತು. ಅಲ್ಲಿಂದ ಆಟ ತಿರುಗಿತು. 1686ರ ಜುಲೈನಲ್ಲಿ ಔರಂಗಜೇಬನೇ ಬಂದು ಬೀಡುಬಿಟ್ಟ. ಕಂದಕ ತುಂಬುವ ಕೆಲಸ ಜೋರಾಯಿತು. ಗೋಡೆಯ ಮೇಲಿನಿಂದ ಗುಂಡು ಬೀಳುತ್ತಲೇ ಇತ್ತು. ಆದರೆ ಒಳಗೆ ಜನಕ್ಕೆ ಕಾಳಿಲ್ಲ, ಕುದುರೆಗಳು ಸಾಯುತ್ತಿದ್ದವು, ಸಹಾಯಕ್ಕೆ ಬರುವವರು ಯಾರೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಸಿಕಂದರ್ ಹೊರಗೆ ಬಂದು ಶರಣಾದ. ಏಣಿ ಹಾಕಿ ಗೋಡೆ ಹತ್ತಿ ಗೆದ್ದ ಊರಲ್ಲ ಅದು. ಹಸಿದು ಬಾಗಿಲು ತೆರೆದ ಊರು. ತಾನು ಗೆದ್ದೆ ಎಂದು ಔರಂಗಜೇಬ ಬರೆಸಿದ್ದು ಎಲ್ಲಿ ಗೊತ್ತಾ? ಮಲಿಕ್-ಎ-ಮೈದಾನ್ ತೋಪಿನ ಮೈಮೇಲೆ. ಅಲ್ಲಿ ಆ ಸಾಲುಗಳನ್ನು ಈಗಲೂ ನೋಡಬಹುದು.

ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಇದೇ. ಈ ಗೋಡೆಗೆ ಹೊರಗಿನ ರಾಜ್ಯದ ಬಲ ಬೇಕಿತ್ತು. ಆ ಬಲ ಇರುವ ತನಕ ಅದು ಯಾರಿಗೂ ಬಗ್ಗಲಿಲ್ಲ. 'ಕೋಟೆ ದುರ್ಬಲವಾಗಿತ್ತು, ಅದಕ್ಕೇ ಬಿತ್ತು' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಯುದ್ಧಗಳಿಗಿಂತ ಆಮೇಲಿನ ವರ್ಷಗಳೇ ಈ ಗೋಡೆಗೆ ಹೆಚ್ಚು ಪೆಟ್ಟು ಕೊಟ್ಟಿವೆ. 1854ರಲ್ಲಿ ಬ್ರಿಟಿಷರು ಮಲಿಕ್-ಎ-ಮೈದಾನನ್ನು ಬೇಡದ ಸಾಮಾನು ಎಂದು ಹರಾಜಿಗಿಟ್ಟಿದ್ದರು. ಬಂದ ಹೆಚ್ಚಿನ ಬೆಲೆ 150 ರೂಪಾಯಿ! ಇಷ್ಟು ಕಡಿಮೆಗೆ ಕೊಡುವುದು ಬೇಡ, ಜನರಿಗೆ ಇದರ ಮೇಲೆ ಭಕ್ತಿ ಇದೆ ಎಂದು ಅಧಿಕಾರಿಯೊಬ್ಬ ಬರೆದದ್ದರಿಂದ ಅದು ಉಳಿಯಿತು. ಗೋಡೆಗೆ ಅಷ್ಟು ಅದೃಷ್ಟ ಇರಲಿಲ್ಲ. 1885ರ ಹೊತ್ತಿಗೆ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು, ಊರು ಮತ್ತೆ ಬೆಳೆಯಿತು. ರಸ್ತೆಗೆಂದು ಅಲ್ಲಲ್ಲಿ ಗೋಡೆ ಒಡೆದರು. ಕಂದಕ ಕಸದ ಗುಂಡಿಯಾಯಿತು.

ಈಗ ಗೋಡೆಯ ಮೊದಲ ಶತ್ರು ನೀರು ಮತ್ತು ಬೇರು. ಮೇಲಿನ ಗಾರೆ ಒಡೆದರೆ ಮಳೆನೀರು ನಡುವಿನ ಮಣ್ಣಿಗೆ ಇಳಿಯುತ್ತದೆ. ಮಣ್ಣು ಉಬ್ಬಿ ಹೊರಗಿನ ಕಲ್ಲಿನ ಮುಖವನ್ನು ಮುಂದಕ್ಕೆ ತಳ್ಳುತ್ತದೆ. ಹಕ್ಕಿ ಉದುರಿಸಿದ ಅರಳಿ ಬೀಜ ಸಂದಿಯಲ್ಲಿ ಮೊಳೆತರೆ ಕೆಲವೇ ವರ್ಷದಲ್ಲಿ ಬೇರು ಕಲ್ಲನ್ನು ಎತ್ತುತ್ತದೆ. ಗಿಡವನ್ನು ಸುಮ್ನೆ ಕೈಯಿಂದ ಕಿತ್ತರೆ ಕಲ್ಲೂ ಜೊತೆಗೇ ಬರುತ್ತದೆ. ರಿಪೇರಿಗೆ ಸಿಮೆಂಟ್ ಬಳಸುವುದು ಇನ್ನೂ ಕೆಟ್ಟದ್ದು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ತೇವ ನಿಂತು ಗೋಡೆ ಹೊಟ್ಟೆ ಬಿಡುತ್ತದೆ. 2014ರಲ್ಲಿ ದಖ್ಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳ ಸಾಲಿನಲ್ಲಿ ಕಲಬುರಗಿ, ಬೀದರ್, ಹೈದರಾಬಾದ್ ಜೊತೆ ವಿಜಯಪುರವನ್ನೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿಸಿದ್ದಾರೆ. ಗೋಡೆ ಹೀಗೇ ತುಂಡಾಗುತ್ತಾ ಹೋದರೆ ಆ ಪಟ್ಟಿಯಲ್ಲಿ ಹೆಸರಿದ್ದು ಏನು ಬಂತು?

ಇನ್ನೊಮ್ಮೆ ಹೋದಾಗ ಬೆಳಿಗ್ಗೆ ಬೇಗ ಪಶ್ಚಿಮದಿಂದ ಶುರುಮಾಡಿ. ಮಕ್ಕಾ ದರವಾಜೆ, ತಾಜ್ ಬಾವಡಿ, ಶೇರ್ಜಾ ಬುರ್ಜ್, ಉಪಲಿ ಬುರ್ಜ್ ಎಲ್ಲ ಹತ್ತಿರ ಹತ್ತಿರ ಇವೆ, ನಡೆದೇ ನೋಡಬಹುದು. ಅಲ್ಲಿಂದ ಶಹಾಪುರ ದರವಾಜೆ, ಚಾಂದ್ ಬಾವಡಿ. ದಕ್ಷಿಣದ ಫತೇ ದರವಾಜೆ, ಲಂಡಾ ಕಸಾಬ್ ಬುರ್ಜ್‌ಗೆ ಆಟೋ ಮಾಡಿಕೊಳ್ಳಿ. ಮಕ್ಕಳಿದ್ದರೆ ಉಪಲಿ ಬುರ್ಜ್ ಮೆಟ್ಟಿಲಲ್ಲಿ ಕೈಹಿಡಿದುಕೊಳ್ಳಿ. ನವೆಂಬರ್‌ನಿಂದ ಜನವರಿವರೆಗೆ ಒಳ್ಳೇ ಕಾಲ, ಬೇಸಿಗೆಯಲ್ಲಿ ಆ ಕಪ್ಪು ಕಲ್ಲಿನ ಮೇಲೆ ನಡೆಯಲಾಗುವುದಿಲ್ಲ.

ಕೊನೆಗೆ ನಿಮ್ಮ ಮಾವನವರ ಮನೆ. ಇದರಲ್ಲಿ ಅವಸರ ಬೇಡ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಗಿದೆ. ಅದರ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಇರುವ ಮನೆಯ ಮೇಲೆ ಮಹಡಿ ಏರಿಸುವುದೂ ಹೊಸ ಕಟ್ಟಡದ ಲೆಕ್ಕಕ್ಕೇ ಬರುತ್ತದೆ. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಬಹುದು, ಆದರೆ ಮೊದಲೇ ಅನುಮತಿ ಪಡೆಯಬೇಕು. 100 ಮೀಟರ್ ಒಳಗಿನ ಮನೆ 1992ರ ಜೂನ್ 16ಕ್ಕಿಂತ ಮೊದಲಿನದಾಗಿದ್ದರೆ ದುರಸ್ತಿಗೆ, ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶ ಇದೆ. ಹಾಗಾಗಿ ಮೊದಲು ಮನೆಯ ಹಳೇ ಕಾಗದಪತ್ರ, ಕಟ್ಟಿದ ವರ್ಷ ತೋರಿಸುವ ತೆರಿಗೆ ರಸೀದಿ ಹುಡುಕಿಟ್ಟುಕೊಳ್ಳಲಿ. ಗೋಡೆಯ ಆ ಭಾಗ ರಕ್ಷಿತ ಪಟ್ಟಿಯಲ್ಲಿದೆಯಾ, ಮನೆ ಎಷ್ಟು ಮೀಟರ್ ದೂರದಲ್ಲಿದೆ ಎಂದು ಕೇಂದ್ರ ಪುರಾತತ್ವ ಇಲಾಖೆಯ ಧಾರವಾಡ ವಲಯ ಕಚೇರಿಯಿಂದ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಲಿ. ಪಾಲಿಕೆಯ ಅನುಮತಿ ಒಂದೇ ಇದ್ದರೆ ಸಾಲದು. ಅದನ್ನೇ ನಂಬಿ ಕಟ್ಟಿ, ಆಮೇಲೆ ಇಲಾಖೆಯ ನೋಟಿಸ್ ಕೈಗೆ ಬಂದರೆ ಹಾಕಿದ ದುಡ್ಡೆಲ್ಲ ಹೋಗುತ್ತದೆ. ಮನೆಯ ಹಿಂಗೋಡೆ ಕೋಟೆಗೋಡೆಗೇ ತಾಗಿದ್ದರೆ ಇನ್ನೊಂದು ಕೆಲಸ ಇವತ್ತೇ ಮಾಡಬಹುದು: ಬಚ್ಚಲ ನೀರು, ಮಾಳಿಗೆಯ ಮಳೆನೀರು ಆ ಗೋಡೆಯ ಬುಡಕ್ಕೆ ಹೋಗದಂತೆ ಪೈಪು ಹಾಕಿ ಚರಂಡಿಗೆ ಬಿಡಿಸಲಿ.